ಹಿರಿಯರಿಗೆ ಕೈಯಾರೆ ಮಾಡಿದ ಉಡುಗೊರೆ, ಹಿರಿಯರ ಕೈಗೊಂದಿಷ್ಟು ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ವಯಸ್ಸಾದವರಿಗಾಗಿ ಹೊಲಿಯುವುದು, ಅವರ ಜೊತೆ ಕೂತು ಹೊಲಿಯುವುದು, ಎರಡನ್ನೂ ನಾನು ಹಲವು ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಮದುವೆ ಮನೆಯಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

## ಶುರು ಮಾಡುವ ಮುಂಚೆ

ನಮ್ಮಜ್ಜಿ ಏನು ಕೇಳಿದ್ರೂ "ನಂಗೇನೂ ಬೇಡ" ಅಂತಾರೆ. ಏನು ಮಾಡಿಕೊಡ್ಲಿ?

ಕೇಳಬೇಡಿ, ಸುಮ್ನೆ ನೋಡಿ. ಒಂದು ದಿನ ಬೆಳಗಿನಿಂದ ರಾತ್ರಿವರೆಗೆ ಅವರ ಜೊತೆ ಇದ್ದು, ಎಲ್ಲಿ ತಡವರಿಸುತ್ತಾರೆ ಅಂತ ಗಮನಿಸಿ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುತ್ತಾರಾ? ರಾತ್ರಿ ನೀರು ಕುಡಿಯಲು ಎದ್ದಾಗ ಟಾರ್ಚ್ ಕೈಗೆ ಸಿಗುವುದಿಲ್ಲವಾ? ಮಾತ್ರೆ ಹಾಳೆ ಕತ್ತರಿಸಲು ಕಷ್ಟಪಡುತ್ತಾರಾ? ಏನು ಮಾಡಿಕೊಡಬೇಕು ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಇದನ್ನು ನಾನು ತಡವಾಗಿ ಕಲಿತೆ. ಎರಡು ತಿಂಗಳು ಕೂತು ನಮ್ಮಜ್ಜಿಗೆ ಒಂದು ಉಣ್ಣೆ ಸ್ವೆಟರ್ ಹೆಣೆದಿದ್ದೆ. ಮುಂದೆ ಸಾಲಾಗಿ ಏಳು ಚಿಕ್ಕ ಗುಂಡಿ. ಅವರ ಬೆರಳಿಗೆ ಅವನ್ನು ಹಾಕಲು ಆಗುತ್ತಿರಲಿಲ್ಲ. ಆದರೆ ನಾನು ಬೇಜಾರು ಮಾಡಿಕೊಳ್ಳುತ್ತೇನೆ ಅಂತ ಹೇಳಲೇ ಇಲ್ಲ. ಆ ಚಳಿಗಾಲವನ್ನು ಹಳೇ ಶಾಲು ಹೊದ್ದೇ ಕಳೆದರು. ಗೊತ್ತಾದ ಮೇಲೆ ಗುಂಡಿಗಳನ್ನು ಅಂದಕ್ಕೆ ಹಾಗೇ ಮೇಲೆ ಉಳಿಸಿ, ಕೆಳಗೆ ವೆಲ್ಕ್ರೋ ಪಟ್ಟಿ ಹೊಲಿದೆ. ಮಾರನೇ ದಿನದಿಂದ ಸ್ವೆಟರ್ ಅವರ ಮೈಮೇಲೇ ಇತ್ತು.

ನಂಗೆ ಸೂಜಿ ಹಿಡಿಯೋಕೂ ಬರಲ್ಲ. ನಾನು ಮಾಡೋ ಅಂಥದ್ದು ಏನಾದ್ರೂ ಇದ್ಯಾ?

ಇದೆ. ರಟ್ಟಿನ ಮೇಲೆ ಬಿಳಿ ಹಾಳೆ ಅಂಟಿಸಿ, ದಪ್ಪ ಕಪ್ಪು ಮಾರ್ಕರಿನಲ್ಲಿ ಮುಖ್ಯವಾದ ಆರು ಫೋನ್ ನಂಬರ್ ಬರೆಯಿರಿ. ಒಂದೊಂದು ಅಂಕಿಯೂ ಹೆಬ್ಬೆರಳಿನಷ್ಟು ದೊಡ್ಡದಿರಲಿ. ಪಕ್ಕದಲ್ಲಿ ಆ ವ್ಯಕ್ತಿಯ ಫೋಟೋ ಅಂಟಿಸಿ. ಮಗ, ಮಗಳು, ಪಕ್ಕದ ಮನೆಯವರು, ಡಾಕ್ಟರು, ಔಷಧಿ ಅಂಗಡಿ, ಆಟೋದವರು. ಇಷ್ಟು ಸಾಕು. ಅವರು ಕೂರುವ ಕುರ್ಚಿಯಿಂದ ಕಾಣುವ ಗೋಡೆಗೆ ಹಾಕಿ. ಅರ್ಧ ಗಂಟೆಯ ಕೆಲಸ. ನಾನು ಕಂಡ ಉಡುಗೊರೆಗಳಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ.

ಯಾವ ಬಣ್ಣ ತಗೊಳ್ಳಲಿ? ವಯಸ್ಸಾದವರಿಗೆ ತಿಳಿ ಬಣ್ಣ ಅಲ್ವಾ ಚೆಂದ?

ಹಾಗಂತ ಯಾರು ಹೇಳಿದರೋ ಗೊತ್ತಿಲ್ಲ, ಎಲ್ಲರೂ ಬೂದು, ಬಿಸ್ಕತ್ ಬಣ್ಣದ್ದನ್ನೇ ತರುತ್ತಾರೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ಆಗ ನೀಲಿ, ಹಸಿರು, ನೇರಳೆ ಒಂದೇ ಥರ ಕಾಣತೊಡಗುತ್ತವೆ. ತಿಳಿ ಬಣ್ಣಗಳೂ ಒಂದರೊಳಗೊಂದು ಕರಗಿಹೋಗುತ್ತವೆ. ಕೆಂಪು, ಕಿತ್ತಳೆ, ಗಾಢ ಹಳದಿ ಚೆನ್ನಾಗಿ ಕಾಣುತ್ತವೆ. ಎಲ್ಲಕ್ಕಿಂತ ಮುಖ್ಯ ಎದುರುಬದುರು ಬಣ್ಣ. ಬಿಳಿ ಹಾಸಿಗೆ ಮೇಲೆ ಕೆಂಪು ಚೀಲ ಇದ್ದರೆ ಕನ್ನಡಕ ಹಾಕದೆಯೂ ಸಿಗುತ್ತದೆ. ಅದೇ ಹಾಸಿಗೆ ಮೇಲೆ ಕೆನೆ ಬಣ್ಣದ ಚೀಲವನ್ನು ಕೈಯಾಡಿಸಿ ಹುಡುಕಬೇಕಾಗುತ್ತದೆ.

ಎಷ್ಟು ಖರ್ಚಾಗತ್ತೆ?

ಮನೆಯಲ್ಲಿರುವ ಹಳೇ ಸೀರೆ, ಪಂಚೆ, ದಿಂಬಿನ ಕವರಿನಿಂದಲೇ ಮುಕ್ಕಾಲು ಪಾಲು ಆಗುತ್ತದೆ. ನೂಲು, ವೆಲ್ಕ್ರೋ, ದಪ್ಪ ಲಾಡಿಯಷ್ಟೇ ಅಂಗಡಿಯಿಂದ ತರಬೇಕಾದದ್ದು. ಇನ್ನೊಂದು ಮಾತು: ಹಳೇ ಬಟ್ಟೆ ಒಗೆದು ಒಗೆದು ಮೆತ್ತಗಾಗಿರುತ್ತದೆ. ವಯಸ್ಸಾದವರ ತೆಳು ಚರ್ಮಕ್ಕೆ ಹೊಸದಕ್ಕಿಂತ ಅದೇ ಹಿತ.

## ಮಾಡಿಕೊಡುವಂಥವು

ಅಮ್ಮಂಗೆ ಮಂಡಿನೋವು. ಬಿಸಿ ಮಾಡಿ ಇಟ್ಕೊಳ್ಳೋ ಅಕ್ಕಿ ಚೀಲ ಹೇಗೆ ಹೊಲಿಯೋದು?

ಅಪ್ಪಟ ಹತ್ತಿ ಬಟ್ಟೆ ಬೇಕು. ಪಾಲಿಯೆಸ್ಟರ್ ಬಿಸಿಗೆ ಕರಗುತ್ತದೆ. ಜಿಪ್ಪು, ಜರಿ, ಲೋಹದ ಗುಂಡಿ ಯಾವುದೂ ಇರಬಾರದು. ಹೊಲಿದ ಮೇಲೆ ಸುಮಾರು 15 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದ ಬರುವ ಹಾಗೆ ಬಟ್ಟೆ ಕತ್ತರಿಸಿ. ಒಂದು ಕಿರಿದಾದ ಬದಿ ಬಿಟ್ಟು ಉಳಿದ ಮೂರು ಬದಿ ಹೊಲಿಯಿರಿ. ಒಂದು ಹಿಡಿ ಅಕ್ಕಿ ಹಾಕಿ ಅಡ್ಡ ಹೊಲಿಗೆ, ಮತ್ತೆ ಅಕ್ಕಿ, ಮತ್ತೆ ಹೊಲಿಗೆ. ಹೀಗೆ ನಾಲ್ಕು ಮನೆ ಮಾಡಿದರೆ ಅಕ್ಕಿಯೆಲ್ಲ ಒಂದೇ ಕಡೆ ಜಾರುವುದಿಲ್ಲ. ಪ್ರತಿ ಮನೆಯೂ ಮುಕ್ಕಾಲು ಮಾತ್ರ ತುಂಬಿರಲಿ. ಆಗ ಚೀಲ ಮಂಡಿಯ ಸುತ್ತ ಬಾಗುತ್ತದೆ. ಅಕ್ಕಿ ಚೀಲವನ್ನು ಒಗೆಯಲು ಆಗುವುದಿಲ್ಲ, ಹಾಗಾಗಿ ಮೇಲೆ ತೆಗೆದು ಒಗೆಯಬಹುದಾದ ಇನ್ನೊಂದು ಕವರ್ ಹಾಕಿ.

ಮೈಕ್ರೋವೇವಿನಲ್ಲಾದರೆ ಮೊದಲು ಅರ್ಧ ನಿಮಿಷ, ಸಾಲದಿದ್ದರೆ ಇನ್ನರ್ಧ ನಿಮಿಷ. ಅಲ್ಲೇ ಮುಂದೆ ನಿಂತಿರಿ. ಒಮ್ಮೆ ಬಳಸಿದ ಮೇಲೆ ಪೂರ್ತಿ ಆರುವವರೆಗೆ ಮತ್ತೆ ಬಿಸಿ ಮಾಡಬೇಡಿ. ಸುಟ್ಟ ವಾಸನೆ ಬಂದ ದಿನ ಆ ಚೀಲದ ಕೆಲಸ ಮುಗಿಯಿತು. ಮೈಕ್ರೋವೇವ್ ಇಲ್ಲದ ಮನೆಯಲ್ಲಿ ಹಳೇ ದಾರಿಯೇ ಸರಿ: ಬಾಣಲೆಯಲ್ಲಿ ಕಲ್ಲುಪ್ಪು ಹುರಿದು, ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುವುದು.

ಒಂದು ಎಚ್ಚರಿಕೆ ತುಂಬಾ ಮುಖ್ಯ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟರೂ ಗೊತ್ತಾಗುವುದಿಲ್ಲ. ಅವರ ಕಾಲಿಗೆ ಇದನ್ನು ಇಡಲೇಬೇಡಿ. ಉಳಿದವರಿಗೂ ಮೊದಲು ನಿಮ್ಮ ಮುಂಗೈ ಒಳಭಾಗಕ್ಕೆ ಇಟ್ಟು ನೋಡಿ ಕೊಡಿ. ಇಟ್ಟುಕೊಂಡು ನಿದ್ದೆ ಹೋಗಬಾರದು.

ಹಳೇ ಸೀರೆಲಿ ಕಾಲೊರೆಸೋ ಮ್ಯಾಟ್ ಮಾಡ್ತಿದ್ದೀನಿ. ಅತ್ತೆಗೆ ಕೊಡಬಹುದಾ?

ದಯವಿಟ್ಟು ಬೇಡ. ಎಷ್ಟೇ ಚೆಂದ ಇದ್ದರೂ ಸಡಿಲವಾದ ಮ್ಯಾಟ್ ಮೇಲೆ ವಯಸ್ಸಾದವರು ಜಾರುತ್ತಾರೆ, ಅಂಚಿಗೆ ಎಡವುತ್ತಾರೆ. ಸೊಂಟದ ಮೂಳೆ ಮುರಿದರೆ ಅವರ ಬದುಕೇ ಬದಲಾಗಿಬಿಡುತ್ತದೆ. ಸೀರೆ ಪಟ್ಟಿಗಳನ್ನು ಜಡೆ ಹೆಣೆದು ಸುತ್ತುವ ಅದೇ ಕೆಲಸವನ್ನು ಕುರ್ಚಿ ಮೇಲಿನ ಆಸನಕ್ಕೆ ತಿರುಗಿಸಿ. ನಾಲ್ಕು ಮೂಲೆಗೆ ಲಾಡಿ ಹೊಲಿದು ಕುರ್ಚಿಗೆ ಕಟ್ಟಿಬಿಡಿ. ನಿಮ್ಮ ಶ್ರಮವೂ ವ್ಯರ್ಥವಾಗುವುದಿಲ್ಲ, ಅತ್ತೆಗೂ ಪ್ಲಾಸ್ಟಿಕ್ ಕುರ್ಚಿಯ ತಣ್ಣನೆ ತಪ್ಪುತ್ತದೆ.

ಎಲೆ ಅಡಿಕೆ ಸಂಚಿ ಥರದ್ದು ಈಗಿನ ಕಾಲಕ್ಕೆ ಉಪಯೋಗ ಆಗತ್ತಾ?

ಈ ಪ್ರಶ್ನೆ ಬಂದಾಗ ನನಗೆ ಖುಷಿ. ಸಂಚಿ ಅನ್ನುವುದು ನಮ್ಮ ಹಿಂದಿನವರ ದೊಡ್ಡ ಜಾಣತನ. ಬಟ್ಟೆಯ ಮೇಲೆ ಬಟ್ಟೆ ಇಟ್ಟು ಬದಿ ಹೊಲಿದರೆ ಒಂದರ ಹಿಂದೊಂದು ಮನೆಗಳು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಚಿಲ್ಲರೆಗೊಂದು. ಬಾಯಿಗೆ ಎರಡೂ ಕಡೆಯಿಂದ ಲಾಡಿ. ಎಳೆದರೆ ಮುಚ್ಚುತ್ತದೆ, ಬಾಯಿ ಹಿಗ್ಗಿಸಿದರೆ ತೆರೆಯುತ್ತದೆ. ಜಿಪ್ಪಿನ ಚಿಕ್ಕ ನಾಲಿಗೆ ಹಿಡಿದು ಎಳೆಯಲಾಗದ ಬೆರಳಿಗೆ ಇದು ಸುಲಭ. ಹಿಡಿಯಲು ಇಡೀ ಅಂಗೈ ಸಾಕು.

ಈಗಿನ ಸಂಚಿಯಲ್ಲಿ ಫೋನು, ಕನ್ನಡಕ, ಬೀಗದ ಕೈ, ಮಾತ್ರೆ ಚೀಟಿ ಇರಲಿ. ಲಾಡಿ ಬೆರಳಿನಷ್ಟು ದಪ್ಪ ಇರಲಿ, ತುದಿಯಲ್ಲಿ ದೊಡ್ಡ ಬಟ್ಟೆ ಗೊಂಡೆ ಕಟ್ಟಿ. ಒಳಗಿನ ಬಟ್ಟೆ ಹಳದಿಯೋ ಬಿಳಿಯೋ ಆದರೆ ನಾಣ್ಯ, ಕೀಲಿ ತಟ್ಟನೆ ಕಾಣುತ್ತವೆ. ಒಂದು ಮನೆಯೊಳಗೆ ಹೆಸರು, ಮನೆಯವರ ನಂಬರ್ ಬರೆದ ಬಿಳಿ ಬಟ್ಟೆ ಚೂರು ಹೊಲಿದುಬಿಡಿ. ಸಂತೆಯಲ್ಲಿ, ಬಸ್ಸಿನಲ್ಲಿ ತಲೆ ಸುತ್ತಿ ಕೂತರೆ ಯಾರಾದರೂ ಫೋನ್ ಮಾಡಬಹುದು.

ಎಲ್ಲಾ ಅಜ್ಜಿಯರಿಗೇ ಆಯ್ತು. ತಾತಂಗೆ ಏನು?

ಊರುಗೋಲಿಗೆ ಒಂದು ಕೈಪಟ್ಟಿ. ಅಷ್ಟು ಸಣ್ಣದು. ಬೀಗ ತೆಗೆಯುವಾಗ ಕೋಲು ಮುಂಗೈಯಿಂದ ತೂಗುತ್ತಿರುತ್ತದೆ. ಕೆಳಗೆ ಬಿದ್ದು ಬಗ್ಗಿ ಎತ್ತುವ ಕಷ್ಟ ಇಲ್ಲ. ಮಂಚಕ್ಕೆ ಜೇಬಿನ ಪಟ್ಟಿಯನ್ನೂ ಹೊಲಿಯಬಹುದು: ಮೊಳದುದ್ದದ ಬಟ್ಟೆ ಹಾಸಿಗೆ ಕೆಳಗೆ ತೂರಿಸುವುದು, ಇಳಿಬಿದ್ದ ಭಾಗದಲ್ಲಿ ಟಾರ್ಚ್, ರೇಡಿಯೊ, ಕನ್ನಡಕಕ್ಕೆ ಮೂರು ಜೇಬು.

ಆಟದ ಮನಸ್ಸಿದ್ದರೆ ಬಟ್ಟೆಯ ಚೌಕಾಬಾರ ಮಾಡಿಕೊಡಿ. ಐದು ಸಾಲು, ಸಾಲಿಗೆ ಐದು ಮನೆ. ಮನೆ ಮೂರು ಇಂಚಿದ್ದರೆ ಕಾಯಿ ಹಿಡಿದು ಇಡಲು ಸಲೀಸು. ನಾಲ್ಕು ಬದಿಯ ನಡುಮನೆ ಮತ್ತು ಮಧ್ಯದ ಮನೆಗೆ ದಪ್ಪ ನೂಲಿನಲ್ಲಿ ಕತ್ತರಿ ಗುರುತು ಹಾಕಿ. ನಾಲ್ಕು ಕವಡೆ, ಬಾಟಲಿ ಮುಚ್ಚಳಕ್ಕೆ ನಾಲ್ಕು ಬಣ್ಣದ ಬಟ್ಟೆ ಸುತ್ತಿದ ಕಾಯಿಗಳು. ಮಡಚಿದರೆ ಜೇಬಿಗೆ ಹೋಗುತ್ತದೆ. ಆದರೆ ಕೊಟ್ಟು ಎದ್ದು ಹೋಗಬೇಡಿ, ಒಂದು ಆಟ ಆಡಿಯೇ ಹೋಗಿ.

ಬೀರುವಿಗೆ ಹಾಕೋ ಲಾವಂಚದ ಗಂಟು ಕೊಟ್ರೆ ಹೇಗೆ?

ಚೆನ್ನಾಗಿರುತ್ತದೆ. ಒಣ ಲಾವಂಚದ ಬೇರನ್ನು ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಿದರಾಯಿತು. ವಾಸನೆ ಕಮ್ಮಿಯಾದಾಗ ಸ್ವಲ್ಪ ನೀರು ಚಿಮುಕಿಸಿ ಬಿಸಿಲಿಗಿಟ್ಟರೆ ಮತ್ತೆ ಘಮ ಬರುತ್ತದೆ. ಉಬ್ಬಸ ಇರುವವರಿಗೆ ಯಾವ ವಾಸನೆಯನ್ನೂ ಕೇಳದೆ ಕೊಡಬೇಡಿ.

## ಹಿರಿಯರೇ ಮಾಡುವಂಥವು

ಅಮ್ಮ ಮೊದಲು ತುಂಬಾ ಕ್ರೋಶಾ ಹಾಕ್ತಿದ್ರು. ಬೆರಳು ಗಂಟು ನೋವು ಬಂದ್ಮೇಲೆ ಬಿಟ್ಟೇಬಿಟ್ರು. ಮತ್ತೆ ಶುರು ಮಾಡಿಸಬಹುದಾ?

ಬಹಳ ಸಲ ಆಗುತ್ತದೆ, ಆದರೆ ಹಳೇ ಕಡ್ಡಿ, ಹಳೇ ನೂಲಿನಲ್ಲಿ ಅಲ್ಲ. ಟೇಬಲ್ ಕ್ಲಾತಿಗೆ ಬಳಸುತ್ತಿದ್ದ ಸಣ್ಣ ಸ್ಟೀಲ್ ಕಡ್ಡಿ ಬದಿಗಿಡಿ. 6 ರಿಂದ 8 ಮಿಲಿಮೀಟರಿನ ದಪ್ಪ ಕಡ್ಡಿ ತನ್ನಿ. ಹಿಡಿಯುವ ಜಾಗಕ್ಕೆ ಸ್ಪಂಜಿನ ಕೊಳವೆಯೋ ಬಟ್ಟೆ ಪಟ್ಟಿಯೋ ಸುತ್ತಿ ಇನ್ನೂ ದಪ್ಪ ಮಾಡಿ. ಹತ್ತಿ ನೂಲು ಹಿಗ್ಗುವುದಿಲ್ಲ, ಬೆರಳಿಗೆ ಜಾಸ್ತಿ ಎಳೆತ. ಉಣ್ಣೆ ಅಥವಾ ಅಕ್ರಿಲಿಕ್ ಸ್ವಲ್ಪ ಹಿಗ್ಗಿಕೊಡುತ್ತದೆ.

ಕೂರುವ ಮುಂಚೆ ಕೈಯನ್ನು ಐದು ನಿಮಿಷ ಬೆಚ್ಚಗಿನ ನೀರಿನಲ್ಲಿ ಇಟ್ಟುಕೊಳ್ಳಲಿ. ಹದಿನೈದು ನಿಮಿಷಕ್ಕೆ ನಿಲ್ಲಿಸಲಿ, ಖುಷಿಯಾಗಿದ್ದರೂ ನಿಲ್ಲಿಸಲಿ. ಇದು ಅವರಿಗೆ ಕಷ್ಟದ ಮಾತು, ಯಾಕೆಂದರೆ ಕೆಲಸ ಹಿಡಿದರೆ ಸಾಲು ಮುಗಿಸಿಯೇ ಏಳುವ ರೂಢಿ. ಗಂಟು ಊದಿ ಬಿಸಿಯಾಗಿದ್ದ ದಿನ ರಜೆ.

ಮೊದಲ ಕೆಲಸ ಚಿಕ್ಕದಿರಲಿ, ಒಂದು ಸಂಜೆಯಲ್ಲಿ ಮುಗಿಯುವಂಥದ್ದು. ಬಿಸಿ ಪಾತ್ರೆ ಕೆಳಗಿಡುವ ಚೌಕ ಸಾಕು. "ನನ್ನ ಕೈಲಿ ಇನ್ನಾಗಲ್ಲ" ಅಂದವರ ಕೈಯಿಂದ ಒಂದು ವಸ್ತು ಪೂರ್ತಿಯಾಗಿ ಹೊರಬರಬೇಕು. ಎರಡನೆಯದನ್ನು ಅವರೇ ಶುರು ಮಾಡುತ್ತಾರೆ.

ನಮ್ಮವ್ವಗ ಕೌದಿ ಹೊಲ್ಯಾಕ ಭಾಳ ಚಲೋ ಬರ್ತದ. ಈಗ ಕಣ್ಣ ಸರಿ ಕಾಣಂಗಿಲ್ಲ. ಏನ ಮಾಡೂದು?

ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಪೊರೆ ಬಂದಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ವಯಸ್ಸಾಯಿತು ಅಂತ ಎಷ್ಟೋ ಜನ ಸುಮ್ಮನೆ ಕತ್ತಲಲ್ಲಿ ಕೂತಿರುತ್ತಾರೆ.

ಆಮೇಲೆ ಸೂಜಿ. ಅವ್ವನಿಗೆ ಹೊಲಿಯುವುದು ಕಷ್ಟವಲ್ಲ, ಪೋಣಿಸುವುದು ಕಷ್ಟ. ಬೆಳಿಗ್ಗೆ ಮೊಮ್ಮಕ್ಕಳು ಶಾಲೆಗೆ ಹೋಗುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ಒಂದು ಚಿಕ್ಕ ದಿಂಬಿಗೆ ಚುಚ್ಚಿಟ್ಟು ಹೋಗಲಿ. ದಿನದ ಕೆಲಸಕ್ಕೆ ಅಷ್ಟು ಸಾಕು. ಸಂಜೆ ಸೂಜಿ ಎಣಿಸುವುದನ್ನೂ ಮಕ್ಕಳಿಗೇ ಬಿಡಿ, ಹಾಸಿಗೆಯಲ್ಲಿ ಒಂದೂ ಉಳಿಯಬಾರದು. ಗಾಢ ಬಟ್ಟೆಗೆ ಬಿಳಿ ದಾರ, ತಿಳಿ ಬಟ್ಟೆಗೆ ಕೆಂಪು ದಾರ. ಹೊಲಿಗೆ ಹೋಗಬೇಕಾದ ಗೆರೆಯನ್ನು ಸೀಮೆಸುಣ್ಣದಲ್ಲಿ ಎಳೆದುಕೊಡಿ. ಕಿಟಕಿ ಎಡಗಡೆ ಇರುವ ಹಾಗೆ ಕೂರಿಸಿ, ಬಲಗೈ ನೆರಳು ಹೊಲಿಗೆ ಮೇಲೆ ಬೀಳುವುದಿಲ್ಲ.

ಪದರ ಮೂರಕ್ಕಿಂತ ಜಾಸ್ತಿ ಬೇಡ, ದಪ್ಪ ಕೌದಿಯಲ್ಲಿ ಸೂಜಿ ಎಳೆದು ಎಳೆದು ಹೆಬ್ಬೆರಳು ಸೋಲುತ್ತದೆ. ಅಳತೆಯೂ ಚಿಕ್ಕದಿರಲಿ: ಕೂಸಿನ ಕೌದಿ ಅಥವಾ ಕುರ್ಚಿಯಲ್ಲಿ ಕೂತಾಗ ತೊಡೆ ಮೇಲೆ ಹೊದೆಯುವಂಥದ್ದು. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿಯನ್ನು ಮೂಲೆಯಿಂದ ಶುರು ಮಾಡಿ, ಅಂಚಿನಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಿಗೆ ಮಡಚಿದ ಬಟ್ಟೆಯ ಹೂವು ಹಚ್ಚುತ್ತಾರೆ. ಕಣ್ಣು ಮಂಜಾದವರಿಗೂ ಈ ಕ್ರಮ ಒಳ್ಳೆಯದು. ಹಿಂದಿನ ಹೊಲಿಗೆ ಸಾಲನ್ನು ಬೆರಳಿನಿಂದ ಮುಟ್ಟಿ, ಅದರ ಪಕ್ಕದಲ್ಲೇ ಮುಂದಿನ ಸಾಲು ಹಾಕಬಹುದು.

ಇಷ್ಟು ಮಾಡಿಯೂ ಆಗದಿದ್ದರೆ ಹೊಲಿಗೆ ನೀವು ಹಿಡಿಯಿರಿ. ಯಾವ ತುಂಡಿನ ಪಕ್ಕ ಯಾವುದು ಬರಬೇಕು ಅನ್ನೋದನ್ನು ಅವ್ವ ಹೇಳಲಿ. ಇದು ಯಾರ ಮದುವೆ ಸೀರೆ, ಇದು ಯಾರ ಅಂಗಿ ಅಂತ ಅವರಿಗೆ ಮಾತ್ರ ಗೊತ್ತಿರುತ್ತದೆ. ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಅಜ್ಜಿ ದಿನವಿಡೀ ಬತ್ತಿ ಹೊಸೀತಾ ಕೂತಿರ್ತಾರೆ. ಬೇರೆ ಏನಾದ್ರೂ ಒಳ್ಳೇ ಕ್ರಾಫ್ಟ್ ಕಲಿಸ್ಬೇಕಾ?

ಅವರು ಮಾಡುತ್ತಿರುವುದೇ ಒಳ್ಳೆಯ ಕೈಕೆಲಸ. ಹತ್ತಿ ಬಿಡಿಸಿ, ಬೀಜ ತೆಗೆದು, ಬೆರಳಿಗೆ ವಿಭೂತಿ ಹಚ್ಚಿಕೊಂಡು ಎಳೆ ಹೊಸೆಯುವಾಗ ಕೈಯ ಒಂದೊಂದು ಗಂಟೂ ಆಡುತ್ತದೆ. ಹೂಬತ್ತಿಯ ತುದಿ ತಿರುವುವುದು, ಗೆಜ್ಜೆವಸ್ತ್ರಕ್ಕೆ ಒಂದೇ ಅಂತರದಲ್ಲಿ ಗೆಜ್ಜೆ ಹಾಕುವುದು ಸುಲಭವಲ್ಲ, ನೀವೇ ಒಮ್ಮೆ ಮಾಡಿ ನೋಡಿ. ಲಕ್ಷ ಬತ್ತಿಯ ಹರಕೆ ಹೊತ್ತವರು ತಿಂಗಳುಗಟ್ಟಲೆ ಎಣಿಸಿ ಎಣಿಸಿ ಕಟ್ಟಿಡುತ್ತಾರೆ.

ಅವರಿಗೆ ಬೇಕಾದದ್ದು ಒಳ್ಳೆಯ ಹತ್ತಿ, ಮುಚ್ಚಳ ಸಲೀಸಾಗಿ ತೆಗೆಯಬಹುದಾದ ಡಬ್ಬಿ, ಬೆನ್ನಿಗೆ ಒರಗು. ಮತ್ತೆ ಆ ಬತ್ತಿ ಯಾರಿಗಾದರೂ ಬೇಕಾಗಿರಬೇಕು. ಕಾರ್ತಿಕ ಬರುವ ಮುಂಚೆ ನೂರೆಂಟು ಬತ್ತಿಯ ಚಿಕ್ಕ ಪೊಟ್ಟಣ ಕಟ್ಟಿ, ನೆಂಟರಿಗೆ, ಅಕ್ಕಪಕ್ಕದವರಿಗೆ ಅವರ ಕೈಯಿಂದಲೇ ಕೊಡಿಸಿ.

ಅಪ್ಪ ಅಮ್ಮ ಆರು ತಿಂಗಳಿಗೆ ಅಮೆರಿಕಕ್ಕೆ ಬರ್ತಿದ್ದಾರೆ. ಹಗಲೆಲ್ಲಾ ಮನೇಲಿ ಇಬ್ಬರೇ. ಏನು ಮಾಡಿಸಲಿ?

ಉಣ್ಣೆ ನೂಲು ಅಲ್ಲೇ ಬೇಕಾದಷ್ಟು ಸಿಗುತ್ತದೆ, ಹೊತ್ತು ತರಬೇಡಿ. ಊರಿನ ಪಬ್ಲಿಕ್ ಲೈಬ್ರರಿಯಲ್ಲಿ ಹೆಣಿಗೆ ಗುಂಪು ಇದೆಯಾ ಅಂತ ಕೇಳಿ, ಎಷ್ಟೋ ಕಡೆ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಇಂಗ್ಲಿಷ್ ಬಾರದಿದ್ದರೂ ಅಲ್ಲಿ ಕೂರಬಹುದು, ಕೈ ನೋಡಿ ಕೈ ಕಲಿಯುತ್ತದೆ. ಕನ್ನಡ ಅಷ್ಟಾಗಿ ಬಾರದ ಮೊಮ್ಮಗಳ ಜೊತೆಯೂ ಹಾಗೇ: ಅಜ್ಜಿ ಮಣಿ ಪೋಣಿಸುವಾಗ ಕೆಂಪು, ಹಸಿರು, ಒಂದು, ಎರಡು ತಾನಾಗಿ ಬಾಯಿಗೆ ಬರುತ್ತವೆ.

ಅಳಗುಳಿ ಮಣೆ ತರುವ ಆಸೆ ಇದ್ದರೆ ಮಣೆ ಬದಲು ಮೊಟ್ಟೆಯ ರಟ್ಟಿನ ಟ್ರೇ ಸಾಕು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ ಕತ್ತರಿಸಿ ಜೋಡಿಸಿ. ಹುಣಸೆ ಬೀಜ, ಅಕ್ಕಿ, ಲಾವಂಚದ ಬೇರು ಸೂಟ್‌ಕೇಸಿನಲ್ಲಿ ಬೇಡ. ಬೀಜ, ಬೇರುಗಳ ವಿಷಯದಲ್ಲಿ ಅಮೆರಿಕ, ಆಸ್ಟ್ರೇಲಿಯಾ ಎರಡೂ ಕಡೆ ತಪಾಸಣೆ ಬಿಗಿ. ಕಾಯಿಗೆ ಅಲ್ಲೇ ಸಿಗುವ ದೊಡ್ಡ ಗುಂಡಿ ಬಳಸಿ.

## ಇನ್ನಷ್ಟು ಯೋಚಿಸಬೇಕಾದವು

ತಂದೆಗೆ ಮರೆವಿನ ಕಾಯಿಲೆ. ಕೈ ಸುಮ್ನೆ ಇರಲ್ಲ, ಪಂಚೆ ಅಂಚು ಎಳೀತಾ ಇರ್ತಾರೆ. ಏನು ಕೊಡಬಹುದು?

ಕೈಯಾಡಿಸಲು ಒಂದು ಬಟ್ಟೆ ಮಾಡಿ. ತೊಡೆ ಮೇಲೆ ಹಾಸುವಷ್ಟು ದೊಡ್ಡದು. ಒಂದು ಕಡೆ ಟವೆಲಿನ ತರಿ, ಇನ್ನೊಂದು ಕಡೆ ರೇಷ್ಮೆಯ ನುಣುಪು, ಒಂದು ಅಂಗಿ ಜೇಬು, ಒಂದು ದೊಡ್ಡ ಜಿಪ್ಪು, ಹೆಣೆದ ಲಾಡಿ. ಅವರ ಹಳೇ ಅಂಗಿಯ ಜೇಬನ್ನೇ ಬಿಚ್ಚಿ ಹೊಲಿದರೆ ಇನ್ನೂ ಒಳ್ಳೆಯದು. ಲೆಕ್ಕ ಬರೆಯುತ್ತಿದ್ದವರು ಆ ಜೇಬಿನಲ್ಲಿ ಪೆನ್ನು ಹುಡುಕುತ್ತಾರೆ, ಅಲ್ಲೊಂದು ಮಡಚಿದ ಬಟ್ಟೆ ಇಡಿ. ಕಿತ್ತು ಬಾಯಿಗೆ ಹಾಕಿಕೊಳ್ಳುವ ಮಣಿ, ಗೆಜ್ಜೆ, ಚಿಕ್ಕ ಗುಂಡಿ ಬೇಡವೇ ಬೇಡ. ಹೊಲಿದದ್ದನ್ನೆಲ್ಲ ಬಲವಾಗಿ ಎಳೆದು ಪರೀಕ್ಷಿಸಿ. ಗುಲಗಂಜಿ ಮನೆಯಲ್ಲಿದ್ದರೆ ಎತ್ತಿಡಿ, ಅಗಿದರೆ ಅದು ವಿಷ.

ಮಕ್ಕಳ ಚಿತ್ರದ ಬಟ್ಟೆ ಬಳಸಬೇಡಿ. ಅವರಿಗೆ ಮರೆತಿರಬಹುದು, ಆದರೆ ಅವರು ಮನೆಯ ಹಿರಿಯರು.

ಫೋಟೋ ಪುಸ್ತಕವೂ ಒಳ್ಳೆಯದು. ಪುಟಕ್ಕೆ ಒಂದೇ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ ಹೆಸರು, ಊರು. ತೋರಿಸುವಾಗ "ಇದು ಯಾರು ಹೇಳಿ ನೋಡೋಣ" ಅಂತ ಕೇಳಬೇಡಿ, ಅದು ಪರೀಕ್ಷೆಯಾಗುತ್ತದೆ. "ಇದು ನಿಮ್ಮ ತಂಗಿ ಅಲ್ವಾ, ತೋಟದಲ್ಲಿ ತೆಗೆದದ್ದು" ಅಂತ ನೀವೇ ಶುರು ಮಾಡಿ. ಮಾತು ಬಂದರೆ ಬರಲಿ.

ಅತ್ತೆಗೆ ಲಕ್ವ ಹೊಡೆದು ಒಂದು ಕೈ ಬಿದ್ದಿದೆ. ಒಂದೇ ಕೈಯಲ್ಲಿ ಏನಾದ್ರೂ ಮಾಡಬಹುದಾ?

ಬಟ್ಟೆ ಜರುಗದಂತೆ ಮಾಡಿದರೆ ಅರ್ಧ ಕಷ್ಟ ಹೋಗುತ್ತದೆ. ಕಸೂತಿ ಚೌಕಟ್ಟನ್ನು ಕ್ಲ್ಯಾಂಪಿನಿಂದ ಮೇಜಿನ ಅಂಚಿಗೆ ಬಿಗಿದರೆ ಒಂದೇ ಕೈಯಲ್ಲಿ ಮೇಲೆ ಕೆಳಗೆ ಸೂಜಿ ಓಡಿಸಬಹುದು. ದಾರ ಎಣಿಸಿ ಹಾಕುವ ಧಾರವಾಡ ಕಸೂತಿ ಬಂದವರಾದರೆ ದೊಡ್ಡ ಕಣ್ಣಿನ ಮ್ಯಾಟಿ ಬಟ್ಟೆ ಕೊಡಿ. ಗವಂತಿ ಅನ್ನುವ ಹೊಲಿಗೆಯ ನೇರ ಗೆರೆಗಳಿಂದ ಶುರು ಮಾಡಲಿ. ಬಿದ್ದ ಕೈಯನ್ನೂ ಮೇಜಿನ ಮೇಲೆ, ಬಟ್ಟೆಯ ಪಕ್ಕದಲ್ಲೇ ಇಟ್ಟುಕೊಳ್ಳಲಿ. ಎಷ್ಟು ಹೊತ್ತು, ಹೇಗೆ ಅನ್ನೋದನ್ನು ಫಿಸಿಯೊಥೆರಪಿ ಮಾಡಿಸುವವರನ್ನು ಕೇಳಿ ನಿರ್ಧರಿಸಿ.

ಅಕ್ಟೋಬರ್ 1ಕ್ಕೆ ನಮ್ಮ ಕಾಲೇಜಿನಿಂದ ವೃದ್ಧಾಶ್ರಮಕ್ಕೆ ಹೋಗ್ತಿದ್ದೀವಿ. ಯಾವ ಕ್ರಾಫ್ಟ್ ಮಾಡಿಸೋದು?

1990ರಲ್ಲಿ ವಿಶ್ವಸಂಸ್ಥೆ ಆ ದಿನವನ್ನು ಹಿರಿಯರ ದಿನ ಅಂತ ಗೊತ್ತು ಮಾಡಿದ ಮೇಲೆ ಆವತ್ತು ಎಲ್ಲರೂ ಹೋಗುತ್ತಾರೆ. ಅಕ್ಟೋಬರ್ 2ರಿಂದ ಯಾರೂ ಬರುವುದಿಲ್ಲ. ಸಾಧ್ಯವಾದರೆ ಬೇರೆ ದಿನ ಹೋಗಿ, ಮುಂದಿನ ತಿಂಗಳು ಮತ್ತೆ ಹೋಗಿ.

ಒಂದು ವಾರ ಮುಂಚೆ ಇಬ್ಬರು ಹೋಗಿ ನೋಡಿಕೊಂಡು ಬನ್ನಿ: ಎಷ್ಟು ಜನಕ್ಕೆ ಕಣ್ಣು ಕಾಣುತ್ತದೆ, ಎಷ್ಟು ಜನ ಗಾಲಿಕುರ್ಚಿಯಲ್ಲಿದ್ದಾರೆ, ಮೇಜಿನ ಎತ್ತರ ಎಷ್ಟು. ಕೆಲಸ ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕು. ಕಾಗದದ ಹೂವು ಕತ್ತರಿಸಿ ಅಂಟಿಸುವಂಥದ್ದನ್ನು ಮಾಡಿಸಬೇಡಿ, ನೀವು ಹೊರಟ ಮೇಲೆ ಅದು ಕಸದ ಬುಟ್ಟಿಗೆ. ಹಳೇ ಪೇಪರಿನ ಚೀಲ, ಬಟ್ಟೆ ಪಟ್ಟಿಯ ಜಡೆ, ಬಾಗಿಲ ತೋರಣ ಇಂಥವನ್ನು ಇಟ್ಟುಕೊಳ್ಳಿ. ಅದಕ್ಕಿಂತಲೂ ಒಳ್ಳೆಯದು, "ನಿಮಗೆ ಏನು ಬರುತ್ತೆ, ನಮಗೆ ಕಲಿಸ್ತೀರಾ?" ಅಂತ ಕೇಳುವುದು. ಹಗ್ಗ ಹೊಸೆಯುವವರು, ಹೂ ಕಟ್ಟುವವರು, ಬೀಸಣಿಗೆ ಹೆಣೆಯುವವರು ಅಲ್ಲಿರುತ್ತಾರೆ. ಒಮ್ಮೆ ನಾನು ಹೋದಲ್ಲಿ ಮಾತೇ ಆಡದ ಒಬ್ಬರು ಬಾಳೆನಾರು ಕಂಡ ತಕ್ಷಣ ಕೈ ಚಾಚಿದರು. ಹತ್ತು ನಿಮಿಷದಲ್ಲಿ ಮೊಳ ಹೂ ಕಟ್ಟಿ ಪಕ್ಕದವರ ಮುಡಿಗಿಟ್ಟರು.

ಫೋಟೋ ತೆಗೆಯುವ ಮುಂಚೆ ಒಬ್ಬೊಬ್ಬರನ್ನೂ ಕೇಳಿ.

ಅಮ್ಮ ಮಾಡಿದ್ದನ್ನ ಮಾರಬಹುದಾ?

ಅವರಿಗೆ ಇಷ್ಟ ಇದ್ದರೆ ಖಂಡಿತ. ಸಾಮಾನಿನ ಖರ್ಚಿನ ಜೊತೆ ಅವರ ಹೊತ್ತಿಗೂ ಬೆಲೆ ಕಟ್ಟಿ. ಆದರೆ ಮುಂಗಡ ಆರ್ಡರ್ ಹಿಡಿಯಬೇಡಿ. ಮಾಡಿ ಮುಗಿದದ್ದನ್ನು ಮಾತ್ರ ಮಾರಿ. ತಾರೀಖಿನೊಳಗೆ ಕೊಡಬೇಕು ಅಂತಾದರೆ ನೋವಿದ್ದರೂ ರಾತ್ರಿ ಎದ್ದು ಕೂರುತ್ತಾರೆ. ಬಂದ ದುಡ್ಡು ನೇರ ಅವರ ಕೈಗೆ.

ಏನು ಮಾಡಿಕೊಟ್ರೂ "ಚೆನ್ನಾಗಿದೆ, ಹಾಳಾಗ್ಬಾರ್ದು" ಅಂತ ಬೀರುವಲ್ಲಿ ಇಟ್ಬಿಡ್ತಾರೆ. ಬಳಸೋ ಹಾಗೆ ಮಾಡೋದು ಹೇಗೆ?

ಒಂದೇ ಥರದ್ದು ಎರಡು ಮಾಡಿ. ಒಂದನ್ನು ಅವರು ಬೀರುವಿನಲ್ಲಿ ಇಡಲಿ, ಇನ್ನೊಂದನ್ನು ನೀವೇ ಒಗೆದು, ಸ್ವಲ್ಪ ಸುಕ್ಕಾಗಿಸಿ, ಅವರ ಮಂಚದ ಮೇಲೆ ಬಿಟ್ಟು ಬನ್ನಿ. ಹೊಸ ಬಟ್ಟೆಯ ಗರಿಗರಿ ಹೋಗಿದ್ದರೆ ಮುಟ್ಟಲು ಸಂಕೋಚ ಇರುವುದಿಲ್ಲ. ಮುಂದಿನ ಸಲ ಹೋದಾಗ ಬೀರು ತೆಗೆದು ನೋಡಬೇಡಿ. ಮಂಚದ ಮೇಲಿನದಕ್ಕೆ ಕಾಫಿ ಕಲೆ ಆಗಿದೆಯಾ ನೋಡಿ. ಆಗಿದ್ದರೆ ಅದೇ ಅಳತೆಗೆ ಇನ್ನೊಂದು ಕತ್ತರಿಸಲು ಶುರು ಮಾಡಿ.